ಬ್ಯಾಟರಿ ಸಿಕ್ಕಿಸಿದ್ದು ನಾನಲ್ಲ

ನನ್ನ ಬಲಗೈಯ ತೋರುಬೆರಳು ಈಗ ಪೂರ್ತಿ ಮಡಚುವುದಿಲ್ಲ. ನಡುಬೆರಳಿನ ಮೇಲೆ ಅಡ್ಡಕ್ಕೆ ಹೊಲಿಗೆಯ ಗುರುತು ಉಳಿದಿದೆ. ಕೊಪ್ಪದಲ್ಲಿ ನನ್ನನ್ನು ಬಲ್ಲವರಿಗೆಲ್ಲ ಇದರ ಕಥೆ ಗೊತ್ತು. ಪಿಯು ಕಾಲೇಜಿನ ಫಿಸಿಕ್ಸ್ ಮೇಡಂ ಮನೆಯಲ್ಲಿ ರಿಮೋಟ್ ವಿಮಾನ ಮಾಡಲು ಹೋಗಿ, ತಿರುಗುವ ರೆಕ್ಕೆಗೆ ತಾವೇ ಕೈ ಕೊಟ್ಟುಕೊಂಡರು ಎಂಬುದು ಆ ಕಥೆ. ಅದರಲ್ಲಿ ವಿಮಾನ ನಿಜ, ಬೆರಳು ನಿಜ. ಮಿಕ್ಕಿದ್ದನ್ನು ನನ್ನ ಅಣ್ಣ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಕಾರು ಓಡಿಸುತ್ತಲೇ ಕಟ್ಟಿದ.

ವಿಮಾನದ ಹುಚ್ಚು ನನಗೆ ಚಿಕ್ಕಂದಿನಿಂದ ಇದ್ದದ್ದೇನಲ್ಲ. ವಿಮಾನ ಹೇಗೆ ಮೇಲೇಳುತ್ತದೆ ಎನ್ನುವುದನ್ನು ವರ್ಷ ವರ್ಷವೂ ಬೋರ್ಡಿನ ಮೇಲೆ ಅದೇ ಚಿತ್ರ ಬರೆದು, ಅದೇ ಬಾಣದ ಗುರುತು ಹಾಕಿ ಪಾಠ ಮಾಡುತ್ತಿದ್ದೆ. ಒಂದು ಸಲ ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಮೇಡಂ, ನೀವು ಯಾವತ್ತಾದ್ರೂ ಹಾರ್ಸಿ ನೋಡಿದೀರಾ?" ಅಂದಳು. ತಮಾಷೆಗೆ ಕೇಳಿದ್ದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದು. ಇಲ್ಲ ಅಂದೆ. ಆ ಇಲ್ಲ ನನಗೇ ಸರಿಹೋಗಲಿಲ್ಲ. ಪ್ರಿನ್ಸಿಪಾಲರ ಬಳಿ ಹೋಗಿ, ಮಕ್ಕಳ ಕೈಯಲ್ಲಿ ಒಂದು ಮಾದರಿ ವಿಮಾನ ಮಾಡಿಸಬಹುದಾ ಎಂದು ಕೇಳಿದೆ. ಅವರು, "ಮೊದ್ಲು ನೀವೊಂದು ಮಾಡಿ ಹಾರಿಸಿ ತೋರ್ಸಿ. ಅಪಾಯ ಇಲ್ಲ ಅಂತ ಗೊತ್ತಾದ್ರೆ ಮಕ್ಕಳಿಗೆ ಮಾಡಿಸೋಣ" ಎಂದರು. ನ್ಯಾಯದ ಮಾತೇ ಆಗಿತ್ತು.

ಮಗಳು ಹಾಸ್ಟೆಲಿನಲ್ಲಿದ್ದಳು. ನನ್ನ ಗಂಡ ಬಸ್‌ಸ್ಟ್ಯಾಂಡ್ ಹತ್ತಿರದ ತಮ್ಮ ಮೆಡಿಕಲ್ ಶಾಪ್ ಮುಚ್ಚಿ ಬರುವವರೆಗೆ ಸಂಜೆಗಳೆಲ್ಲ ನನ್ನವೇ. ಆನ್‌ಲೈನಿನಲ್ಲಿ ಬಿಡಿಭಾಗಗಳನ್ನು ತರಿಸಿದೆ. ಹಗುರವಾದ ಫೋಮಿನ ಮೈ, ರೆಕ್ಕೆ, ಬಾಲ. ಮೂತಿಗೆ ಒಂದು ಮೋಟಾರು. ಬಾಲದ ಪಟ್ಟಿಗಳನ್ನು ಆಡಿಸಲು ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಮೋಟಾರುಗಳು. ಒಂದು ಬ್ಯಾಟರಿ, ಒಂದು ರಿಮೋಟು. ನಡುಮನೆಯ ಪಕ್ಕದ ಕೋಣೆಯಲ್ಲಿ, ಮಗಳು ಓದುತ್ತಿದ್ದ ಮೇಜಿನ ಮೇಲೆ ಕೆಲಸ ಶುರುಮಾಡಿದೆ.

ನಿಧಾನಕ್ಕೆ ಮಾಡಿದೆ. ಅಂಟು ಹಾಕುವಾಗ ಎರಡೂ ಕಿಟಕಿ ತೆರೆದಿಡುತ್ತಿದ್ದೆ, ಅದರ ಘಾಟಿಗೆ ಕಣ್ಣು ಉರಿಯುತ್ತಿತ್ತು. ಬ್ಲೇಡನ್ನು ಯಾವಾಗಲೂ ಕೈಯಿಂದ ಆಚೆಗೆ ಎಳೆಯುತ್ತಿದ್ದೆ. ಈ ವಿಮಾನಗಳ ಬ್ಯಾಟರಿ ಮೊಬೈಲಿನ ಬ್ಯಾಟರಿಯ ಜಾತಿಯದ್ದೇ, ಆದರೆ ಮೈಗೆ ಗಟ್ಟಿ ಕವಚವಿಲ್ಲ. ಏಟು ಬಿದ್ದರೆ, ಚಾರ್ಜು ಹೆಚ್ಚಾದರೆ ಊದಿಕೊಂಡು ಹೊತ್ತಿಬಿಡುತ್ತದೆ. ಅದಕ್ಕೆ ಅದನ್ನು ಮನೆಯೊಳಗೆ ಚಾರ್ಜಿಗೆ ಹಾಕುತ್ತಲೇ ಇರಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮರಳು ಹಾಕಿದ ಮಣ್ಣಿನ ಮಡಕೆಯಿಟ್ಟು, ಅದರೊಳಗೆ ಬ್ಯಾಟರಿ ಇಟ್ಟು, ಚಾರ್ಜ್ ಮುಗಿಯುವವರೆಗೆ ಎದುರಿಗೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ.

ಗಂಡ ಒಮ್ಮೆ ಹಿತ್ತಲ ಬಾಗಿಲಿಗೆ ಬಂದು ನೋಡಿ, "ಎಂತ, ಮೊಸರಿಗೆ ಹೆಪ್ಪು ಹಾಕಿ ಕಾವಲು ಕೂತಿದ್ದೀಯಾ?" ಎಂದು ನಕ್ಕರು. ನನಗೂ ನಗು ಬಂತು. ಆಗ ನಾವು ಹಾಗೆಲ್ಲ ನಗುತ್ತಿದ್ದೆವು.

ಎಲ್ಲಕ್ಕಿಂತ ಹೆಚ್ಚಿಗೆ ಹೆದರುತ್ತಿದ್ದದ್ದು ಮೂತಿಯ ರೆಕ್ಕೆಗೆ, ಅಂದರೆ ಪ್ರೊಪೆಲ್ಲರಿಗೆ. ನೋಡಲು ಅಂಗೈ ಉದ್ದದ ಪ್ಲಾಸ್ಟಿಕ್ಕು. ತಿರುಗುವಾಗ ಅದು ಕಣ್ಣಿಗೆ ಕಾಣುವುದೇ ಇಲ್ಲ, ಕತ್ತಿಯ ಹಾಗೆ ಕತ್ತರಿಸುತ್ತದೆ. ಮೋಟಾರು ಪರೀಕ್ಷಿಸುವಾಗೆಲ್ಲ ಅದನ್ನು ಬಿಚ್ಚಿ ಕಪಾಟಿನಲ್ಲಿ ಇಡುತ್ತಿದ್ದೆ. ಮೋಟಾರು ಯಾವ ಕಡೆ ತಿರುಗುತ್ತದೆ ಎಂದು ನೋಡಲು ಅದರ ಕಡ್ಡಿಗೆ ಒಂದು ಚೂರು ಕಾಗದ ಅಂಟಿಸಿದರೆ ಸಾಕಾಗುತ್ತಿತ್ತು. ಮೊದಲು ರಿಮೋಟ್ ಆನ್ ಮಾಡಬೇಕು, ಅದರ ವೇಗದ ಕಡ್ಡಿ ಪೂರ್ತಿ ಕೆಳಗಿರಬೇಕು, ಆಮೇಲೆ ವಿಮಾನಕ್ಕೆ ಬ್ಯಾಟರಿ ಸಿಕ್ಕಿಸಬೇಕು. ತೆಗೆಯುವಾಗ ಬ್ಯಾಟರಿ ಮೊದಲು, ರಿಮೋಟ್ ಕೊನೆಗೆ. ಇದನ್ನು ತಪ್ಪಿದರೆ ವಿಮಾನ ಯಾರ ಮಾತನ್ನೂ ಕೇಳುವುದಿಲ್ಲ.

ಇದನ್ನೆಲ್ಲ ಅಣ್ಣನಿಗೂ ಹೇಳಿದ್ದೆ. ಅವನು ಕೊಪ್ಪದ ಹತ್ತಿರವೇ ಇರುವ ನಾರ್ವೆ ಎಂಬ ನಮ್ಮ ಹಳ್ಳಿಯಲ್ಲಿ ಅಮ್ಮನ ಜೊತೆ ಇರುವವನು, ತೋಟ ನೋಡಿಕೊಳ್ಳುವವನು. ಯಾವ ಮಿಷನ್ನಿಗೂ ಹೆದರದಿರುವುದೇ ಅವನ ಹೆಮ್ಮೆ. ಹುಲ್ಲು ಹೊಡೆಯುವ ಮಿಷನ್ನನ್ನು ಕನ್ನಡಕವಿಲ್ಲದೆ, ಬರಿಗಾಲಲ್ಲಿ ಹಿಡಿಯುತ್ತಿದ್ದ. ಒಂದು ದಿನ ಕೊಪ್ಪಕ್ಕೆ ಬಂದವನು ಮೇಜಿನ ಮೇಲಿದ್ದ ವಿಮಾನ ನೋಡಿ, "ಎಂತ ಕೂಸೇ ಇದು, ಈ ವಯಸ್ಸಲ್ಲಿ ಆಟದ ಸಾಮಾನು?" ಅಂದ. ನಾನು ಒಂದೊಂದನ್ನೇ ತೋರಿಸಿ, ಯಾವುದರ ನಂತರ ಯಾವುದು ಎಂದು ಹೇಳಿದೆ. ಕೇಳಿಸಿಕೊಂಡ. ಶುರುಮಾಡುವುದು ಹೇಗೆ ಎನ್ನುವಷ್ಟನ್ನು ಮಾತ್ರ ನೆನಪಿಟ್ಟುಕೊಂಡ ಎಂದು ಆಮೇಲೆ ಗೊತ್ತಾಯಿತು.

ಆ ಭಾನುವಾರ ಬೆಳಗ್ಗೆ ವಿಮಾನದ ಕೊನೆಯ ಕೆಲಸ ಉಳಿದಿತ್ತು. ರೆಕ್ಕೆಯ ಅಡಿಗೆ ಎರಡು ಕಡೆ ಬೆರಳಿಟ್ಟು ಎತ್ತಿದರೆ ವಿಮಾನ ಮೂತಿಯನ್ನು ತುಸು ಕೆಳಗೆ ಮಾಡಿ ನಿಲ್ಲಬೇಕು. ಆ ತೂಕ ನೋಡಲು ಎಲ್ಲ ಭಾಗವೂ ಅದರದರ ಜಾಗದಲ್ಲಿರಬೇಕಾಗುತ್ತದೆ. ಹಾಗಾಗಿ ಪ್ರೊಪೆಲ್ಲರ್ ಹಾಕಿದ್ದೆ, ಬ್ಯಾಟರಿಯನ್ನೂ ಒಳಗೆ ಕೂರಿಸಿದ್ದೆ. ಬ್ಯಾಟರಿಯ ವೈರು ಮಾತ್ರ ಸಿಕ್ಕಿಸದೆ ಹೊರಗೆ ಬಿಟ್ಟಿದ್ದೆ. ತೂಕ ಸರಿಯಾಗಿ ನಿಂತಿತು. ಇನ್ನು ಪ್ರೊಪೆಲ್ಲರ್ ಬಿಚ್ಚಿಟ್ಟು, ಕಾಲೇಜು ಮೈದಾನಕ್ಕೆ ಹೋಗಿ ಅಲ್ಲೇ ಮತ್ತೆ ಹಾಕುವುದು ಎಂದುಕೊಳ್ಳುವಷ್ಟರಲ್ಲಿ ಹೊರಗೆ ಕಾರುಗಳು ನಿಂತ ಸದ್ದಾಯಿತು.

ಅಣ್ಣ ಬಂದಿದ್ದ. ಅವನ ಮಗಳಿಗೆ ಶೃಂಗೇರಿಯ ಕಡೆ ಸಂಬಂಧದ ಮಾತು ನಡೆಯುತ್ತಿತ್ತು. ಹುಡುಗನ ಅಪ್ಪ ಅಮ್ಮ ನಾರ್ವೆಗೆ ಬಂದು ಹೊರಟವರು ದಾರಿಯಲ್ಲಿ ತಂಗಿಯ ಮನೆಯನ್ನೂ ನೋಡಿಕೊಂಡು ಹೋಗಲಿ ಎಂದು ಅವನು ಕರೆದುಕೊಂಡು ಬಂದಿದ್ದ. ನಾನು ಕೋಣೆಯ ಬಾಗಿಲು ಹಾಕಿಕೊಂಡು ಬಂದು ಅವರನ್ನು ಕೂರಿಸಿ, ಕಾಫಿಗೆ ಒಳಗೆ ಹೋದೆ. ಗಂಡ ನಡುಮನೆಯಲ್ಲಿ ಅವರನ್ನು ಮಾತಾಡಿಸುತ್ತಿದ್ದರು.

ಹಾಲು ಕಾಯುತ್ತಿರುವಾಗ ಅಣ್ಣನ ದನಿ ಕೇಳಿತು. "ಬನ್ನಿ ಬನ್ನಿ, ನಮ್ಮ ತಂಗಿ ವಿಮಾನ ಮಾಡಿದಾಳೆ, ತೋರಿಸ್ತೆ." ಕೋಣೆಯ ಚಿಲಕ ತೆಗೆದ ಸದ್ದು ಬಂತು. ನೋಡಲಿ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಸದ್ದು ಬಂತು. ಬ್ಯಾಟರಿ ಸಿಕ್ಕಿಸಿದಾಗ ಮೋಟಾರು ಹೊರಡಿಸುವ ಸಣ್ಣ ಪೀಂ ಪೀಂ. ಆ ಸದ್ದಿನ ಅರ್ಥ ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಒಲೆ ಆರಿಸದೆ ಓಡಿದೆ.

ಅಣ್ಣ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಯ ಕಡೆ ನಿಂತಿದ್ದ. ಗಂಡ ಅವನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಇದ್ದರು. ಹುಡುಗನ ಅಪ್ಪ ಮೇಜಿನ ಮೇಲೆ ಬಗ್ಗಿ, ಪ್ರೊಪೆಲ್ಲರಿಗೆ ಮುಖ ಕೊಟ್ಟು, ಕನ್ನಡಕ ಸರಿಮಾಡಿಕೊಂಡು ನೋಡುತ್ತಿದ್ದರು. ಹುಡುಗನ ಅಮ್ಮ ಬಾಗಿಲ ಬಳಿ ಇದ್ದರು.

"ಅಣ್ಣ, ಏನೂ ಮುಟ್ಟಬೇಡ. ಹಾಗೇ ಹಿಡ್ಕ. ನಾನು ಬ್ಯಾಟರಿ ತೆಗಿತೆ" ಎಂದೆ. ಹುಡುಗನ ಅಪ್ಪನನ್ನು ಎಡಗೈಯಿಂದ ಹಿಂದಕ್ಕೆ ಸರಿಸಿ, ಬಲಗೈಯನ್ನು ಮೂತಿಯ ಮೇಲಿಂದ ವೈರಿನ ಕಡೆ ಚಾಚಿದೆ. ಆ ವೈರು ಇರುವುದು ಪ್ರೊಪೆಲ್ಲರಿನ ಹಿಂದೆಯೇ.

"ಎಂತ ಆಗ್ತದೆ, ಒಂಚೂರು ನೋಡನ ತಡಿ" ಎಂದು ಅಣ್ಣ ಕಡ್ಡಿಯನ್ನು ಮೇಲಕ್ಕೆ ತಳ್ಳಿದ.

ವಿಮಾನ ಮುಂದಕ್ಕೆ ಚಿಮ್ಮಿತು. ನೋವು ತಕ್ಷಣ ಗೊತ್ತಾಗಲಿಲ್ಲ. ಮೇಜಿನ ಮೇಲಿನ ಬಿಳಿ ಫೋಮ್ ಕೆಂಪಾದದ್ದು ಮೊದಲು ಕಂಡಿತು. ಹುಡುಗನ ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಕುಸಿದರು. ಅಣ್ಣ ಕಡ್ಡಿ ಕೆಳಗೆಳೆದು ರಿಮೋಟನ್ನು ಹಾಸಿಗೆಯ ಮೇಲೆ ಎಸೆದ. ಗಂಡ ಟವೆಲ್ ತಂದು ನನ್ನ ಕೈಗೆ ಬಿಗಿಯಾಗಿ ಸುತ್ತಿದರು.

ಕೊಪ್ಪದ ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿ, ಬೆರಳಿನ ನರ ಕಡಿದಿದೆ, ಶಿವಮೊಗ್ಗಕ್ಕೆ ಹೋಗಿ ಎಂದರು. ಅಲ್ಲಿಗೂ ಅಣ್ಣನ ಕಾರಿನಲ್ಲೇ ಹೋದೆವು. ನಾನು ಹಿಂದಿನ ಸೀಟಿನಲ್ಲಿ ಕೈ ಎತ್ತಿ ಹಿಡಿದು ಮಲಗಿದ್ದೆ. ಗಂಡ ಮುಂದೆ ಕೂತಿದ್ದರು. ದಾರಿಯಲ್ಲಿ ಅಣ್ಣನಿಗೆ ಫೋನು ಬಂತು, ಹುಡುಗನ ಅಪ್ಪನದು. ಅವನು ಸ್ಪೀಕರಿನಲ್ಲಿಟ್ಟು ಹೇಳಿದ, "ಎಂತ ಇಲ್ಲ, ನೀವು ಹೆದರಬೇಡಿ. ಅವಳು ಆನಾಗಿರೋ ಮಿಷನ್ನಿಗೆ ಸೀದಾ ಕೈ ಹಾಕಿದ್ದು. ಅವಸರ ಅವಳಿಗೆ, ಮೊದ್ಲಿಂದ್ಲೂ ಹಾಗೇ."

ಆ ಕಡೆಯಿಂದ, "ಅಯ್ಯೋ ಪಾಪ, ಹುಷಾರಾಗಿರಬೇಕಿತ್ತು" ಎಂದು ಕೇಳಿತು. ಅವರು ಬಗ್ಗಿಕೊಂಡಿದ್ದರಿಂದ ಅಣ್ಣನ ಕೈಯನ್ನು ನೋಡಿರಲಿಲ್ಲ. ಬಾಗಿಲಲ್ಲಿದ್ದ ಅವರ ಹೆಂಡತಿಗೆ ನಮ್ಮೆಲ್ಲರ ಬೆನ್ನು ಅಡ್ಡವಾಗಿತ್ತು.

ನಾನು ಗಂಡನ ತಲೆಯ ಹಿಂಭಾಗವನ್ನು ನೋಡುತ್ತಿದ್ದೆ. ಅದು ಈ ಕಡೆ ತಿರುಗಲಿಲ್ಲ. ಶಿವಮೊಗ್ಗದ ಡಾಕ್ಟರು ಹೇಗಾಯಿತು ಎಂದು ಕೇಳಿದಾಗಲೂ ಅಣ್ಣನೇ ಉತ್ತರ ಕೊಟ್ಟ, ಅದೇ ಮಾತು, ಈಗ ಇನ್ನಷ್ಟು ಸಲೀಸಾಗಿ. ನಾನು, "ನಾನು ಆನ್ ಮಾಡಿರಲಿಲ್ಲ" ಎಂದೆ. ಡಾಕ್ಟರು ಬೆರಳು ನೋಡುತ್ತಾ, "ಆಯ್ತಮ್ಮ, ಈಗ ಅದೆಲ್ಲ ಬೇಡ" ಎಂದರು.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದ ಮೇಲೆ ಗಂಡನನ್ನು ಕೇಳಿದೆ. "ಅಣ್ಣ ಹಾಗೆ ಹೇಳುವಾಗ ನೀವು ಯಾಕೆ ಸುಮ್ಮನಿದ್ರಿ?"

"ಸಂಬಂಧದ ಮಾತು ನಡೀತಾ ಇರುವಾಗ ಅವರೆದುರು ಎಂತ ಹೇಳೂದು ಮಾರಾಯ್ತಿ? ಕೂಸಿನ ಮದುವೆ ಒಂದು ಆಗ್ಲಿ. ಆಮೇಲೆ ಎಲ್ಲ ಸರಿಯಾಗ್ತದೆ" ಎಂದರು.

ಆ ಮಾತನ್ನು ನಾನು ನಂಬಿದೆ. ಅಣ್ಣನ ಮಗಳ ಮೇಲೆ ನನಗೆ ಪ್ರೀತಿಯಿತ್ತು. ಅವಳ ಮದುವೆಗೆ ನನ್ನ ಬೆರಳು ಅಡ್ಡ ಬರುವುದು ನನಗೂ ಬೇಡವಾಗಿತ್ತು.

ಅಷ್ಟರಲ್ಲಿ ಅಣ್ಣನ ಕಥೆ ನನಗಿಂತ ಮೊದಲೇ ಕಾಲೇಜಿಗೆ ಹೋಗಿ ಮುಟ್ಟಿತ್ತು. ರಜೆ ಮುಗಿಸಿ ಹೋದ ದಿನ ಪ್ರಿನ್ಸಿಪಾಲರು ಕರೆದು ಕೂರಿಸಿದರು. ಕೈ ಹೇಗಿದೆ ಎಂದು ವಿಚಾರಿಸಿ, ಆಮೇಲೆ ಮೇಜಿನ ಮೇಲಿನ ಪೇಪರ್ ವೆಯ್ಟ್ ತಿರುಗಿಸುತ್ತಾ, "ಆ ವಿಮಾನದ್ದು ಬಿಟ್ಟುಬಿಡೋಣ ಮೇಡಂ" ಎಂದರು.

"ಸರ್, ನಾನು ಒಳಗೆ ಕಾಫಿ ಮಾಡ್ತಿದ್ದೆ. ಬೇರೆಯವರು ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿದ್ದು."

"ಇರಬಹುದು. ಆದ್ರೆ ಕೈ ಹೋಗಿದ್ದು ನಿಮ್ಮದೇ ಅಲ್ವಾ? ಫಿಸಿಕ್ಸ್ ಕಲಿಸೋರಿಗೇ ಹೀಗಾದ್ರೆ, ನಾಳೆ ಮಕ್ಕಳ ಅಪ್ಪ ಅಮ್ಮಂದಿರಿಗೆ ನಾನೇನು ಹೇಳ್ಲಿ?"

ನನ್ನ ಬಳಿ ಉತ್ತರವಿತ್ತು. ಅವರಿಗೆ ಅದು ಬೇಕಿರಲಿಲ್ಲ. ಕ್ಲಾಸಿಗೆ ಹೋಗಿ ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆದೆ. ಅಕ್ಷರಗಳು ಒಂದರ ಮೇಲೊಂದು ಹತ್ತಿದವು. ಮುಂದಿನ ಬೆಂಚಿನ ಆ ಹುಡುಗಿ ತಲೆ ತಗ್ಗಿಸಿ, ಕಂಡಷ್ಟನ್ನು ಬರೆದುಕೊಂಡಳು. ವಿಮಾನದ ಬಗ್ಗೆ ಅವಳು ಮತ್ತೆ ಕೇಳಲಿಲ್ಲ. ತನ್ನಿಂದಾಗಿ ಹೀಗಾಯಿತು ಎಂದು ಅಂದುಕೊಂಡಳೋ ಏನೋ.

ಶೃಂಗೇರಿಯಲ್ಲಿ ಮದುವೆಯಾಯಿತು. ಹುಡುಗನ ಅಮ್ಮ ಊಟದ ಹೊತ್ತಿಗೆ ನನ್ನ ಪಕ್ಕ ಬಂದು ಕೂತು, ನನಗೆ ಕಲಸಿಕೊಳ್ಳಲು ಆಗುವುದಿಲ್ಲವೆಂದು ಚಮಚ ತರಿಸಿಕೊಟ್ಟರು. ಒಳ್ಳೆಯ ಹೆಂಗಸು. "ನಿಮ್ಮಣ್ಣ ಹೇಳ್ತಿದ್ರು, ನೀವು ಯಾರ ಮಾತೂ ಕೇಳೂದಿಲ್ವಂತೆ. ಇನ್ನಾದ್ರೂ ಅಂಥದ್ದಕ್ಕೆ ಕೈ ಹಾಕಬೇಡಿ" ಎಂದರು. ಅವರ ಗಂಡ ಎದುರಿನ ಸಾಲಿನಲ್ಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಒಂದು ಗೀರೂ ಇರಲಿಲ್ಲ. ನಾನು ಆ ಮುಖವನ್ನು ತುಂಬ ಹೊತ್ತು ನೋಡಿದೆ. ಚಮಚದಲ್ಲಿ ಅನ್ನ ತಿಂದು ಎದ್ದೆ.

ಮದುವೆಯಾದ ಮೇಲೆ ಎಲ್ಲ ಸರಿಯಾಗುತ್ತದೆ ಎಂದು ಗಂಡ ಹೇಳಿದ್ದರಲ್ಲ, ನಾನು ಕಾದೆ. ಏನೂ ಆಗಲಿಲ್ಲ. ಅಣ್ಣ ಆ ಕಥೆಯನ್ನು ತೋಟದವರಿಗೆ, ನೆಂಟರಿಗೆ, ಸೊಸೈಟಿಯಲ್ಲಿ ಸಿಕ್ಕವರಿಗೆ ಹೇಳುತ್ತಲೇ ಹೋದ. ಹೇಳಿ ಹೇಳಿ ಅದು ಅವನಿಗೇ ನಿಜವಾಗಿರಬೇಕು. ನಾರ್ವೆಗೆ ಹೋದಾಗ ಅಮ್ಮನಿಗೊಬ್ಬಳಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅಮ್ಮ ಸೊಪ್ಪು ಬಿಡಿಸುತ್ತಾ ಕೇಳಿದಳು.

"ಅವನೇ ಮಾಡಿದ್ದು ಅಂತ ಇಟ್ಕ. ಬೇಕು ಅಂತ ಮಾಡಿದ್ನಾ?"

"ಬೇಕು ಅಂತ ಮಾಡ್ಲಿಲ್ಲ ಅಮ್ಮ. ಆದ್ರೆ ಸುಳ್ಳು ಬೇಕು ಅಂತ್ಲೇ ಹೇಳ್ತಿದಾನಲ್ಲ."

ಅಮ್ಮ ಕಡ್ಡಿಗಳನ್ನು ಒಟ್ಟುಮಾಡಿ, "ಗಂಡಸರು ನಾಲ್ಕು ಜನರ ಎದುರು ತಲೆ ತಗ್ಗಿಸೂದು ಕಷ್ಟ. ನಿಂಗೆ ಎಂತ ಕಮ್ಮಿಯಾಯ್ತು, ಸಂಬಳ ಬತ್ತಾ ಇದ್ದಲ್ಲ" ಎಂದಳು. ಅದಾದ ಮೇಲೆ ಅಮ್ಮನ ಬಳಿ ಆ ಮಾತು ಎತ್ತಲಿಲ್ಲ.

ಹೊಸ ಮದುಮಕ್ಕಳನ್ನು ನಾರ್ವೆಗೆ ಊಟಕ್ಕೆ ಕರೆದ ದಿನ ಎಲ್ಲರೂ ಸೇರಿದ್ದೆವು. ಊಟವಾದ ಮೇಲೆ ಚಾವಡಿಯಲ್ಲಿ ಕೂತಿದ್ದಾಗ ಅಳಿಯ ಯಾವುದೋ ಡ್ರೋನಿನ ಮಾತು ತೆಗೆದ. ಅಣ್ಣನಿಗೆ ಅಷ್ಟು ಸಾಕಾಯಿತು. ಎದ್ದು ನಿಂತು, ನಾನು ಹೇಗೆ ಓಡಿಬಂದೆ, ಹೇಗೆ ಕೈ ಹಾಕಿದೆ ಎಂದು ಅಭಿನಯ ಮಾಡಿ ತೋರಿಸಿದ. ನನ್ನ ದನಿಯನ್ನು ಅಣಕಿಸಿದ. ಎಲ್ಲರೂ ನಕ್ಕರು. ಅಳಿಯ ಮಾತ್ರ ನಗದೆ ನನ್ನ ಕೈ ನೋಡಿದ.

"ಅಣ್ಣ," ಎಂದೆ, "ಬ್ಯಾಟರಿ ಸಿಕ್ಕಿಸಿದ್ದು ಯಾರು?"

ಅವನು ನಗುತ್ತಲೇ ಇದ್ದ. "ಎಂತ ಈಗ ಅದು?"

"ಮುಟ್ಟಬೇಡ ಅಂತ ನಾನು ಹೇಳಿದ ಮೇಲೆ ಕಡ್ಡಿ ತಳ್ಳಿದ್ದು ಯಾರು?"

ಅಣ್ಣನ ಮುಖ ಕಪ್ಪಿಟ್ಟಿತು. "ಆಯ್ತಪ್ಪ, ಎಲ್ಲ ನಾನೇ ಮಾಡಿದ್ದು. ನಿನ್ನ ಕೈ ತಂದು ನಾನೇ ಅದಕ್ಕೆ ಕೊಟ್ಟಿದ್ದು. ಸಮಾಧಾನ ಆಯ್ತಾ?" ಎಂದ. ಆಮೇಲೆ ನನ್ನ ಗಂಡನ ಕಡೆ ತಿರುಗಿದ. "ಭಾವ, ನೀವು ಅಲ್ಲೇ ಇದ್ರಲ್ಲ, ನೀವೇ ಹೇಳಿ. ಎಂತ ಆಗಿದ್ದು?"

ಅಣ್ಣ ಹಾಗೆ ಕೇಳಿದ್ದು ನನಗೆ ಒಳ್ಳೆಯದೇ ಆಯಿತು ಎನಿಸಿತು. ಇನ್ನು ಮದುವೆಯ ನೆಪವೂ ಇರಲಿಲ್ಲ. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತದೆ ಹೇಳಿದರು.

"ಎಲ್ಲ ಒಂದೇ ಗಳಿಗೆಯಲ್ಲಿ ಆಗ್ಹೋಯ್ತು. ನಂಗೆ ಸರಿಯಾಗಿ ಕಾಣ್ಲಿಲ್ಲ."

ಅತ್ತಿಗೆ ಎದ್ದು, ಮಜ್ಜಿಗೆ ಯಾರಿಗೆ ಬೇಕು ಎಂದು ಕೇಳಿದರು. ಮಾತು ಬೇರೆ ಕಡೆ ಹೋಯಿತು.

ಆ ದಿನ ಮನೆಗೆ ಬರುವಾಗ ನಾನು ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ಅವರಿಗೂ ಸುಲಭವಾಗುತ್ತಿತ್ತು. ಅಡಿಗೆ ಮಾಡಿದೆ, ಬಡಿಸಿದೆ, ಕಾಲೇಜಿಗೆ ಹೋದೆ. ಎಷ್ಟು ಬೇಕೋ ಅಷ್ಟು ಮಾತಾಡಿದೆ. ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಹಾಗೆ ಬದುಕುವುದು ಇಷ್ಟು ಸಲೀಸೆಂದು ನನಗೆ ಗೊತ್ತಿರಲಿಲ್ಲ.

ಕೋಣೆಯ ಮೇಜನ್ನು ಅಣ್ಣ ಬಂದು ಹೋದ ಆ ಭಾನುವಾರದಿಂದ ಯಾರೂ ಮುಟ್ಟಿರಲಿಲ್ಲ. ರಕ್ತ ಹಿಡಿದ ಫೋಮ್ ಕಂದು ಬಣ್ಣಕ್ಕೆ ತಿರುಗಿತ್ತು, ಮೂತಿ ಮುರಿದಿತ್ತು. ಅದನ್ನು ಎಸೆದು ಹೊಸ ಮೈ ತರಿಸಿದೆ. ಬಲಗೈ ಹಿಡಿಯುವುದಕ್ಕೆ, ಎಡಗೈ ಕೆಲಸಕ್ಕೆ ಎಂದು ಮಾಡಿಕೊಂಡೆ. ಸಣ್ಣ ಸ್ಕ್ರೂಗಳು ಬೆರಳಿನ ಸಂದಿನಿಂದ ಜಾರಿ ನೆಲಕ್ಕೆ ಬೀಳುತ್ತಿದ್ದವು. ಮೊಣಕಾಲೂರಿ ಹುಡುಕಿ ಮತ್ತೆ ಹಾಕುತ್ತಿದ್ದೆ. ಗಂಡ ಬಾಗಿಲಲ್ಲಿ ನಿಂತು, "ನಾನು ಹಿಡ್ಕಳ್ಲಾ?" ಎಂದು ಕೇಳಿದರು. ಬೇಡ ಎಂದೆ. ಕೋಣೆಗೆ ಬೀಗ ಹಾಕುವುದನ್ನು ರೂಢಿ ಮಾಡಿಕೊಂಡೆ. ಸ್ವಂತ ಮನೆಯಲ್ಲಿ ಒಂದು ಕೋಣೆಗೆ ಬೀಗ ಹಾಕಿ ಕೀಲಿಯನ್ನು ಪರ್ಸಿನಲ್ಲಿಟ್ಟುಕೊಂಡು ಓಡಾಡುವುದು ಮೊದಲು ವಿಚಿತ್ರವೆನಿಸಿತು. ಆಮೇಲೆ ಅಭ್ಯಾಸವಾಯಿತು.

ಕಾಲೇಜು ಮೈದಾನದಲ್ಲಿ ಹಾರಿಸುವಂತಿರಲಿಲ್ಲ. ನರಸಿಂಹರಾಜಪುರದ ಆಚೆ ಕಡಹಿನಬೈಲಿನಲ್ಲಿ ನನ್ನ ಹಳೆಯ ಸಹಪಾಠಿಯೊಬ್ಬಳ ಗದ್ದೆಯಿದೆ. ಕೊಯ್ಲು ಮುಗಿದಿದೆ, ಬೇಕಾದರೆ ಬಂದು ಹಾರಿಸು ಎಂದಳು. ಬೆರಳಿನ ಕಾರಣಕ್ಕೆ ನಾನು ದೂರ ಕಾರು ಓಡಿಸುತ್ತಿರಲಿಲ್ಲ, ಹಾಗಾಗಿ ಗಂಡ ಬರಬೇಕಾಯಿತು. ಅವರು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ ಒಳಗೇ ಕೂತರು. ನಾನೊಬ್ಬಳೇ ಅಂಚಿನ ಮೇಲೆ ನಡೆದು ಗದ್ದೆಗೆ ಇಳಿದೆ.

ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡೆ. ದೂರದ ಗದ್ದೆಯಲ್ಲಿ ದನ ಮೇಯುತ್ತಿದ್ದವು, ಅಷ್ಟೇ. ಪ್ರೊಪೆಲ್ಲರ್ ಬಿಗಿದೆ. ರಿಮೋಟ್ ಆನ್ ಮಾಡಿ, ಕಡ್ಡಿ ಕೆಳಗಿದೆಯೆಂದು ನೋಡಿ, ವಿಮಾನದ ಹಿಂದೆ ಕೂತು ಬ್ಯಾಟರಿ ಸಿಕ್ಕಿಸಿದೆ. ಪೀಂ ಪೀಂ ಸದ್ದಿಗೆ ಬಲಗೈಯನ್ನು ತಟ್ಟನೆ ಹಿಂದಕ್ಕೆ ಎಳೆದುಕೊಂಡೆ. ದೂರ ನಡೆದು ಹೋಗಿ ಅಲ್ಲಿಂದಲೂ ಬಾಲದ ಪಟ್ಟಿ ಆಡುತ್ತದೆಯೇ ಎಂದು ಪರೀಕ್ಷಿಸಿ ಬಂದೆ. ಆಮೇಲೆ ವಿಮಾನವನ್ನು ಎಡಗೈಯಲ್ಲಿ ಎತ್ತಿ, ಬಲಗೈಯಲ್ಲಿದ್ದ ರಿಮೋಟಿನ ವೇಗದ ಕಡ್ಡಿಯನ್ನು ಹೆಬ್ಬೆರಳಿನಿಂದ ಏರಿಸಿ, ಗಾಳಿಯ ಎದುರಿಗೆ ಎಸೆದೆ.

ಹಾರಿತು. ಮೊದಲು ತುಸು ಇಳಿದು, ಮೂತಿ ಎತ್ತಿ, ಗದ್ದೆಯ ಕೊನೆಯ ಮರಗಳ ಮೇಲಕ್ಕೆ ಹೋಯಿತು. ದಿಕ್ಕಿನ ಕಡ್ಡಿಯನ್ನು ಒಂಚೂರು ಬಲಕ್ಕೆ ಒತ್ತಿದೆ, ತಿರುಗಿತು. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದ ಬಾಣಗಳೆಲ್ಲ ಸರಿಯಾಗಿದ್ದವು. ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಆಯಿತು ಕೂಡ, ಸ್ವಲ್ಪ. ಆದರೆ ಅದರ ಜೊತೆಗೇ, ಇದನ್ನು ನೋಡಬೇಕಾದ ಒಬ್ಬರೂ ಇಲ್ಲಿಲ್ಲ ಎನ್ನುವುದೂ ನೆನಪಾಯಿತು. ಒಂದಷ್ಟು ಸುತ್ತು ಹಾಕಿಸಿ, ಕೊಯ್ದ ಪೈರಿನ ಕೂಳೆಯ ಮೇಲೆ ಮೆಲ್ಲಗೆ ಇಳಿಸಿದೆ. ಬ್ಯಾಟರಿ ತೆಗೆದು, ರಿಮೋಟ್ ಆಫ್ ಮಾಡಿ, ಪ್ರೊಪೆಲ್ಲರ್ ಬಿಚ್ಚಿದೆ.

ಕಾರು ಹೊರಟಿತು. ನರಸಿಂಹರಾಜಪುರದ ಪೇಟೆ ದಾಟಿದ ಮೇಲೆ ಗಂಡ, "ಚಂದ ಹಾರ್ತು" ಎಂದರು.

"ನೋಡಿದ್ರಾ?"

"ಕಾರಿಂದ ಕಾಣ್ತಿತ್ತು."

ಎದುರಿನಿಂದ ಬಸ್ಸು ಬಂತು, ಅವರು ಬದಿಗೆ ತೆಗೆದರು. ಬಸ್ಸು ಹೋದ ಮೇಲೂ ಕಾರನ್ನು ರಸ್ತೆಗೆ ಹತ್ತಿಸಲಿಲ್ಲ. ಸ್ಟಿಯರಿಂಗ್ ನೋಡುತ್ತಾ ಹೇಳಿದರು, "ಅವತ್ತು ನಂಗೆ ಕಂಡಿತ್ತು. ಅವ್ನು ಬ್ಯಾಟರಿ ಹಾಕಿದ್ದೂ ಕಂಡಿತ್ತು, ನೀನು ಬೇಡ ಅಂದಿದ್ದೂ ಕೇಳಿತ್ತು."

"ನಂಗೊತ್ತು" ಎಂದೆ.

"ಹೇಳಿದ್ರೆ ಎಂತ ಪ್ರಯೋಜನ ಇತ್ತು ಹೇಳು. ಬೆರಳು ವಾಪಸ್ ಬರ್ತಿತ್ತಾ? ಅಣ್ಣ ತಂಗಿ ಮಧ್ಯೆ ನಾನು ಯಾಕೆ ಅಂತ..."

ಇಷ್ಟು ದಿನ ಇವರು ನಿಜವಾಗಿಯೂ ನೋಡಿರಲಿಕ್ಕಿಲ್ಲ ಎಂಬ ಸಣ್ಣ ಅನುಮಾನವನ್ನು ನಾನು ಜೋಪಾನ ಮಾಡಿ ಇಟ್ಟುಕೊಂಡಿದ್ದೆನೆಂದು ಆಗ ಗೊತ್ತಾಯಿತು. ಅವರ ಪಕ್ಕದಲ್ಲಿ ಮಲಗಿ ಏಳಲು ಅದೊಂದು ಆಧಾರವಾಗಿತ್ತು. ಅದನ್ನೂ ಅವರೇ ತೆಗೆದುಕೊಂಡರು, ಅದೂ ತಮ್ಮ ಮನಸ್ಸು ಹಗುರಾಗಲೆಂದು.

"ನಂಗೆ ಪ್ರಯೋಜನ ಇತ್ತು" ಎಂದೆ.

ಹಿಂದಿನಿಂದ ಪಿಕಪ್ ಗಾಡಿಯೊಂದು ಹಾರ್ನ್ ಮಾಡಿತು. ಅವರು ಗೇರು ಹಾಕಿ ಕಾರನ್ನು ರಸ್ತೆಗೆ ತಂದರು. ಕೊಪ್ಪ ಬಂತು. ಅಂಗಡಿ ತೆರೆಯುವ ಹೊತ್ತಾಗಿದೆ ಎಂದು ಅವರು ಬಸ್‌ಸ್ಟ್ಯಾಂಡಿನಲ್ಲೇ ಇಳಿದುಕೊಂಡರು. ನಾನು ಡ್ರೈವರ್ ಸೀಟಿಗೆ ಬಂದು ಕೂತು, ಸೀಟನ್ನು ನನಗೆ ಬೇಕಾದಷ್ಟು ಮುಂದಕ್ಕೆ ಎಳೆದುಕೊಂಡು, ಮನೆಯವರೆಗಿನ ದಾರಿಯನ್ನು ನಾನೇ ಓಡಿಸಿದೆ.